ಪರದೇಶದಲ್ಲೊಂದು ದ್ರಾಕ್ಷಿತೋಟ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ಕನ್ನಡದ ಗಾದೆ. ತೋಟ ಕೊಂಡು ನೋಡು ಎಂದು ಅದಕ್ಕೆ ಸೇರಿಸಿದ್ದರೂ ತಪ್ಪಾಗುತ್ತಿರಲಿಲ್ಲ. ಆ ತೋಟ ಪರದೇಶದಲ್ಲಿದ್ದು, ಅಲ್ಲೇ ಮನೆ ಮಾಡಿ, ಅಲ್ಲಿಯ ಬೆಳೆಯಿಂದಲೇ ಹೊಟ್ಟೆ ಹೊರೆಯಬೇಕಾದರೆ ಗಾದೆಯ ತೂಕ ಇಮ್ಮಡಿಯಾಗುತ್ತದೆ. ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಬೋರ್ಡೊ ಸೀಮೆಯಲ್ಲಿ ಹೀಗೆ ದ್ರಾಕ್ಷಿತೋಟ ಕೊಂಡ ಪರದೇಶಿಗಳ ಕಥೆಗೆ ಇನ್ನೂರು ವರ್ಷಗಳ ಇತಿಹಾಸವಿದೆ. ಅವರಲ್ಲಿ ಕೆಲವರು ನೆಲೆಯೂರಿದರು. ಹಲವರು ಬಂದಷ್ಟೇ ಬೇಗ ಗಂಟು ಕಟ್ಟಿ ಹೊರಟರು. ಇಬ್ಬರ ನಡುವಣ ವ್ಯತ್ಯಾಸ ಬರೀ ಹಣದ್ದಲ್ಲ. ಹಾಗಾದರೆ ಯಾವುದರದು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಸೀಮೆಯ ಪರಿಚಯ. ಗರೋನ್ ಮತ್ತು ದೊರ್ದೋನ್ ಎಂಬ ಎರಡು ನದಿಗಳು ಬೋರ್ಡೊ ನಗರದ ಉತ್ತರಕ್ಕೆ ಕೂಡಿ, ಜಿರೋಂದ್ ಎಂಬ ವಿಶಾಲ ಅಳಿವೆಯಾಗಿ ಅಟ್ಲಾಂಟಿಕ್ ಸಾಗರ ಸೇರುತ್ತವೆ. ಅಳಿವೆಯ ಎಡದಂಡೆಯ ಮೆದೋಕ್ ಪ್ರದೇಶದಲ್ಲಿ ಗರಸು ಮಣ್ಣು, ಬಲದಂಡೆಯ ಕಡೆ ಸುಣ್ಣಕಲ್ಲು ಮತ್ತು ಜೇಡಿ. ಇಲ್ಲಿಯ ವೈನ್ ಮೊದಲಿನಿಂದಲೂ ಹಡಗೇರಿ ಹೊರಗೆ ಹೋಗಲೆಂದೇ ಹುಟ್ಟಿದ ಸರಕು. 1152ರಲ್ಲಿ ಅಕಿತೇನ್ ಪ್ರಾಂತದ ಒಡತಿ ಎಲಿನಾರ್, ಮುಂದೆ ಇಂಗ್ಲೆಂಡಿನ ದೊರೆಯಾದ ಎರಡನೆಯ ಹೆನ್ರಿಯನ್ನು ಮದುವೆಯಾದಳು. ಅಲ್ಲಿಂದ 1453ರವರೆಗೆ, ಮುನ್ನೂರು ವರ್ಷ ಕಾಲ, ಬೋರ್ಡೊ ಇಂಗ್ಲೆಂಡಿನ ಅರಸರ ಕೈಯಲ್ಲಿತ್ತು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬಂದು ಮೆದೋಕಿನ ಜವುಗು ನೆಲದ ನೀರು ಬಸಿದರು. ಇಂಗ್ಲಿಷರು, ಡಚ್ಚರು, ಐರಿಷರು, ಜರ್ಮನ್ನರು ನಗರದ ಶಾರ್ತ್ರೋಂ ಬಡಾವಣೆಯ ನದಿದಂಡೆಯಲ್ಲಿ ಉಗ್ರಾಣಗಳನ್ನು ಕಟ್ಟಿಕೊಂಡು ವ್ಯಾಪಾರ ನಡೆಸಿದರು. ಆದರೆ ಅವರಲ್ಲಿ ಹೆಚ್ಚಿನವರು ಬಹುಕಾಲ ತೋಟ ಕೊಳ್ಳುವ ಗೋಜಿಗೆ ಹೋಗಲಿಲ್ಲ. ಅದಕ್ಕೊಂದು ಬಲವಾದ ಕಾರಣವಿತ್ತು.

ಹಳೆಯ ಫ್ರಾನ್ಸಿನಲ್ಲಿ ಒಂದು ಕಾನೂನಿತ್ತು. ಪರದೇಶಿಯೊಬ್ಬ ಅಲ್ಲಿ ಸತ್ತರೆ ಅವನ ಆಸ್ತಿ ಮಕ್ಕಳಿಗೆ ಹೋಗುತ್ತಿರಲಿಲ್ಲ, ದೊರೆಯ ಬೊಕ್ಕಸಕ್ಕೆ ಸೇರುತ್ತಿತ್ತು. ಐರ್ಲೆಂಡಿನ ಥಾಮಸ್ ಬಾರ್ಟನ್ 1722ರಲ್ಲಿ ಬೋರ್ಡೊಗೆ ಬಂದು, 1725ರಲ್ಲಿ ಸ್ವಂತ ವೈನ್ ವ್ಯಾಪಾರ ತೆರೆದ. ವ್ಯಾಪಾರ ಕುದುರಿತು, ಹಣ ಕೂಡಿತು. ಆದರೂ ಅವನು ಜಮೀನು ಕೊಂಡದ್ದು ಫ್ರಾನ್ಸಿನಲ್ಲಲ್ಲ, ಹಿಂದೆ ಬಿಟ್ಟುಬಂದ ಐರ್ಲೆಂಡಿನಲ್ಲಿ. ದುಡಿದ ನೆಲದಲ್ಲಿ ಮಕ್ಕಳಿಗೆ ಏನನ್ನೂ ಬಿಟ್ಟುಹೋಗಲಾಗದವನು ಆ ನೆಲದಲ್ಲಿ ಗಿಡ ನೆಡುವುದೆಂತು? ಕ್ರಾಂತಿಯ ಕಾಲದಲ್ಲಿ, 1790ರಲ್ಲಿ, ಈ ಕಾನೂನು ರದ್ದಾಯಿತು. ನೆಪೋಲಿಯನ್ನನ ಸಂಹಿತೆಯಲ್ಲಿ ಅದರ ಅಂಶಗಳು ಮತ್ತೆ ತಲೆಯೆತ್ತಿದವು. ಕೊನೆಗೆ 1819ರಲ್ಲಿ ಪೂರ್ತಿಯಾಗಿ ಅಳಿಸಿಹೋಯಿತು. ಎರಡೇ ವರ್ಷ ಕಳೆದು, 1821ರಲ್ಲಿ, ಥಾಮಸ್‌ನ ಮೊಮ್ಮಗ ಹ್ಯೂ ಬಾರ್ಟನ್ ಮೆದೋಕಿನ ಸಾಂ ಜುಲಿಯಾಂ ಗ್ರಾಮದಲ್ಲಿ ಲಾಂಗೊವಾ ಎಂಬ ಶಾತೊವನ್ನು ಕೊಂಡ. ಶಾತೊ ಎಂದರೆ ಮಾತಿಗೆ ಕೋಟೆ, ಅರಮನೆ. ಬೋರ್ಡೊ ಸೀಮೆಯಲ್ಲಿ ಮನೆ, ತೋಟ, ನೆಲಮಾಳಿಗೆ ಎಲ್ಲ ಸೇರಿದ ಒಂದು ಒಕ್ಕಲಿಗೆ ಆ ಹೆಸರು. 1826ರಲ್ಲಿ ಪಕ್ಕದ ಲೆಯೊವಿಲ್ ತೋಟದ ಒಂದು ಭಾಗವನ್ನೂ ಅವನು ಕೊಂಡ.

ಅಂದಿನಿಂದ ಇಂದಿನವರೆಗೆ ಆ ತೋಟಗಳು ಅದೇ ಮನೆತನದ ಕೈಯಲ್ಲಿವೆ. 1855ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕಾಗಿ, ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, ಬೋರ್ಡೊದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯನ್ನು ಆಧರಿಸಿ ಶಾತೊಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. ಲೆಯೊವಿಲ್ ಬಾರ್ಟನ್ ಎರಡನೆಯ ದರ್ಜೆ ಪಡೆಯಿತು, ಲಾಂಗೊವಾ ಮೂರನೆಯದು. ಲೆಯೊವಿಲ್ ಬಾರ್ಟನ್‌ಗೆ ಸ್ವಂತದ ಶಾತೊ ಕಟ್ಟಡವೇ ಇಲ್ಲ. ಅದರ ವೈನ್ ತಯಾರಾಗುವುದು ಲಾಂಗೊವಾದ ನೆಲಮಾಳಿಗೆಯಲ್ಲೇ. ಮನೆ ಒಂದು, ತೋಟ ಎರಡು.

ಈ ಮನೆತನ ಸುಖವಾಗಿ ಬಾಳಿತು ಎಂದುಕೊಳ್ಳುವುದು ಬೇಡ. 1793ರಲ್ಲಿ, ಕ್ರಾಂತಿಯ ಭೀತಿಯ ದಿನಗಳಲ್ಲಿ, ಪರದೇಶಿಯೆಂಬ ಕಾರಣಕ್ಕೆ ಹ್ಯೂ ಬಾರ್ಟನ್ ಸೆರೆಮನೆ ಕಂಡಿದ್ದ. ಅವನು ಫ್ರಾನ್ಸ್ ಬಿಟ್ಟು ಹೊರಗಿದ್ದಾಗ ವ್ಯಾಪಾರವನ್ನು ಕಾಪಾಡಿದವನು ಫ್ರೆಂಚ್ ಮಿತ್ರ ದಾನಿಯೆಲ್ ಗೆಸ್ತಿಯೆ. 1802ರಲ್ಲಿ ಅವರಿಬ್ಬರೂ ಪಾಲುದಾರರಾದರು. 1940ರಲ್ಲಿ ಜರ್ಮನ್ ಸೇನೆ ಬಂದಾಗ ಅಂದಿನ ಒಡೆಯ ರೊನಾಲ್ಡ್ ಬಾರ್ಟನ್ ಎಲ್ಲವನ್ನೂ ಬಿಟ್ಟು ಓಡಬೇಕಾಯಿತು. ಆಗಲೂ ಗೆಸ್ತಿಯೆ ಮನೆತನದವರೇ ಮುಂದೆ ನಿಂತು, ಬಾರ್ಟನ್ ಐರ್ಲೆಂಡಿನವನು, ಐರ್ಲೆಂಡ್ ಯುದ್ಧದಲ್ಲಿ ತಟಸ್ಥ ದೇಶ ಎಂದು ವಾದಿಸಿ ತೋಟವನ್ನು ಉಳಿಸಿಕೊಟ್ಟರು. 1945ರಲ್ಲಿ ರೊನಾಲ್ಡ್ ಮರಳಿದಾಗ ಮನೆ ಇತ್ತು, ತೋಟ ಇತ್ತು. ಕಾನೂನಿನ ಕಾಗದ ಕೊಡಲಾಗದ ರಕ್ಷಣೆಯನ್ನು ಎರಡು ಬಾರಿ ನೆರೆಯವರ ವಿಶ್ವಾಸ ಕೊಟ್ಟಿತ್ತು.

ಇನ್ನು ಇಂದಿನ ಕಾನೂನಿಗೆ ಬರೋಣ. ಪರದೇಶಿ ಸತ್ತರೆ ಆಸ್ತಿ ದೊರೆಗೆ ಎಂಬ ಕಾಲ ಹೋಯಿತು. ಫ್ರಾನ್ಸಿನಲ್ಲಿ ಜಮೀನು ಕೊಳ್ಳಲು ಫ್ರೆಂಚ್ ಪ್ರಜೆಯಾಗಿರಬೇಕೆಂಬ ನಿಯಮವಿಲ್ಲ. ಹಾಗೆಂದು ಅಂಗಡಿಯಲ್ಲಿ ಸಾಮಾನು ಕೊಂಡಂತೆ ಕೊಳ್ಳಲೂ ಆಗದು. ಎಲ್ಲ ಕ್ರಯಪತ್ರಗಳೂ ನೋಟರಿಯ ಮೂಲಕವೇ ಆಗಬೇಕು. ಅಲ್ಲಿಯ ನೋಟರಿ ಬರೀ ಮೊಹರು ಒತ್ತುವವನಲ್ಲ, ಸರ್ಕಾರ ನೇಮಿಸಿದ ಕಾನೂನು ಅಧಿಕಾರಿ. ಕೃಷಿಭೂಮಿ ಮಾರಾಟಕ್ಕಿದ್ದರೆ ಅವನು ಮೊದಲು ಸಾಫೇರ್ ಎಂಬ ಭೂಸಂಸ್ಥೆಗೆ ತಿಳಿಸಬೇಕು. 1960ರ ಕಾನೂನಿನಿಂದ ಹುಟ್ಟಿದ ಈ ಸಂಸ್ಥೆಗೆ ಎರಡು ತಿಂಗಳ ಅವಧಿ ಉಂಟು. ಆ ನೆಲ ಸ್ಥಳೀಯ ಯುವ ರೈತನಿಗೋ ಪಕ್ಕದ ಸಣ್ಣ ಹಿಡುವಳಿಗೋ ಹೋಗುವುದು ಲೇಸೆಂದು ಕಂಡರೆ ಸಂಸ್ಥೆಯೇ ಮುಂದೆ ಬಂದು ಕೊಳ್ಳಬಹುದು. ತೋಟವನ್ನು ಗೇಣಿಗೆ ಮಾಡುತ್ತಿರುವ ರೈತನಿದ್ದರೆ ಅವನಿಗೂ ಮೊದಲ ಹಕ್ಕು ಉಂಟು. ಎರಡನೆಯ ಮಹಾಯುದ್ಧದ ಬೆನ್ನಿಗೇ ಬಂದ ಗೇಣಿ ಕಾನೂನಿನ ಪ್ರಕಾರ ಗೇಣಿಯ ಅವಧಿ ಕನಿಷ್ಠ 9 ವರ್ಷ. ಒಡೆಯ ಬದಲಾದ ಮಾತ್ರಕ್ಕೆ ಗೇಣಿದಾರನನ್ನು ಎಬ್ಬಿಸುವಂತಿಲ್ಲ.

ಕರ್ನಾಟಕದ ಕೇಳುಗರಿಗೆ ಇದು ಅಪರಿಚಿತ ಲೋಕವೇನಲ್ಲ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿಸಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ 1961ರ ಭೂಸುಧಾರಣಾ ಕಾಯಿದೆ ಹಾಕಿದ್ದ ತಡೆ 2020ರ ತಿದ್ದುಪಡಿಯವರೆಗೂ ಇತ್ತು. ಫ್ರಾನ್ಸ್ ಹಿಡಿದದ್ದು ಬೇರೆ ದಾರಿ. ಕೊಳ್ಳುವವನು ಯಾರೆಂದು ಕೇಳುವುದಕ್ಕಿಂತ ಹೆಚ್ಚಾಗಿ, ಬೇಸಾಯ ಮಾಡುವವನು ಯಾರೆಂದು ಅದು ಕೇಳುತ್ತದೆ. ಒಡೆತನ ಬೇರೆ, ಸಾಗುವಳಿ ಬೇರೆ. ಕೃಷಿಯ ವಿದ್ಯೆಯಾಗಲಿ ಅನುಭವವಾಗಲಿ ಇಲ್ಲದವನು ತಾನೇ ಸಾಗುವಳಿಗೆ ಇಳಿಯಬೇಕಾದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ.

ಇನ್ನೂ ಒಂದು ತೊಡಕುಂಟು. ಯುರೋಪಿನ ಒಕ್ಕೂಟಕ್ಕೆ ಸೇರದ ದೇಶದವನು ಫ್ರಾನ್ಸಿನಲ್ಲಿ ಅರಮನೆಯನ್ನೇ ಕೊಂಡರೂ ಅಲ್ಲಿ ವಾಸಿಸುವ ಹಕ್ಕು ಅದರೊಡನೆ ಬರುವುದಿಲ್ಲ. ದೀರ್ಘಾವಧಿ ವೀಸಾ ಇಲ್ಲದಿದ್ದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಇಂಗ್ಲಿಷರಿಗೂ ಇದೇ ಲೆಕ್ಕ. ದ್ರಾಕ್ಷಿಯ ಬಳ್ಳಿಗೆ ವೀಸಾ ನಿಯಮ ತಿಳಿಯದು. ಅದು ಚಳಿಗಾಲದಲ್ಲಿ ಸವರುವಿಕೆ ಕೇಳುತ್ತದೆ, ವಸಂತದಲ್ಲಿ ಹಿಮದಿಂದ ಕಾವಲು ಕೇಳುತ್ತದೆ, ಬೇಸಿಗೆಯಲ್ಲಿ ಔಷಧಿ ಕೇಳುತ್ತದೆ, ಸೆಪ್ಟೆಂಬರ್‌ನಲ್ಲಿ ಕೊಯ್ಲು ಕೇಳುತ್ತದೆ. ವರ್ಷದ ಅರ್ಧ ಮಾತ್ರ ಮನೆಯಲ್ಲಿರುವ ಒಡೆಯನಿಗೆ ಇದು ಹೊಂದುವ ಬೆಳೆಯಲ್ಲ.

ಏನು ಬೆಳೆಯಬೇಕು ಎಂಬುದೂ ಒಡೆಯನ ಇಷ್ಟಕ್ಕೆ ಬಿಟ್ಟದ್ದಲ್ಲ. 1930ರ ದಶಕದಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ಊರಿನ ಹೆಸರೇ ವೈನಿನ ಹೆಸರು. ಆ ಹೆಸರು ಬೇಕಾದರೆ ಗೊತ್ತುಪಡಿಸಿದ ತಳಿಗಳನ್ನೇ, ಕ್ಯಾಬರ್ನೆ ಸೊವಿನ್ಯೋಂ, ಮೆರ್ಲೊ ಮುಂತಾದವನ್ನು, ಬೆಳೆಯಬೇಕು. ಹೆಕ್ಟೇರಿಗೆ ಇಷ್ಟು ಬಳ್ಳಿಗಿಂತ ಕಡಿಮೆ ಇರಬಾರದು, ಇಷ್ಟು ಇಳುವರಿಗಿಂತ ಹೆಚ್ಚು ತೆಗೆಯಬಾರದು ಎಂಬ ಕಟ್ಟಳೆಗಳುಂಟು. ಹೆಸರು ನೆಲದ್ದು. ಒಡೆಯ ಬರುತ್ತಾನೆ, ಹೋಗುತ್ತಾನೆ. ಹೆಸರು ಅಲ್ಲೇ ಇರುತ್ತದೆ.

ಕನಸು ಕಾಣುವವರು ಸಾಮಾನ್ಯವಾಗಿ ಮಾಡದೆ ಬಿಡುವ ಲೆಕ್ಕವೊಂದನ್ನು ಇಲ್ಲಿ ಮಾಡಬಹುದು. ನಾಲ್ಕು ಹೆಕ್ಟೇರ್, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ, ತೋಟವಿದೆ ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ 4,000 ಬಳ್ಳಿಯಂತೆ 16,000 ಬಳ್ಳಿ. ಪ್ರತಿ ಬಳ್ಳಿಯನ್ನೂ ಚಳಿಗಾಲದಲ್ಲಿ ಕೈಯಿಂದಲೇ ಸವರಬೇಕು. ಒಂದಕ್ಕೆ ಎರಡೇ ನಿಮಿಷ ಎಂದರೂ 530 ಗಂಟೆ ಮೀರುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಅರವತ್ತಾರು ದಿನ, ಕೊರೆಯುವ ಚಳಿಯಲ್ಲಿ, ಬೆನ್ನು ಬಗ್ಗಿಸಿ. ಇದು ವರ್ಷದ ಕೆಲಸಗಳಲ್ಲಿ ಒಂದು ಮಾತ್ರ.

ಹೆಕ್ಟೇರಿಗೆ 5,000 ಲೀಟರ್ ವೈನ್ ಬಂದರೆ ಒಟ್ಟು 20,000 ಲೀಟರ್. ಮುಕ್ಕಾಲು ಲೀಟರಿನ ಸೀಸೆಗಳಲ್ಲಿ ತುಂಬಿದರೆ ಸುಮಾರು 26,600 ಸೀಸೆ. ಬೋರ್ಡೊದ ಓಕ್ ಪೀಪಾಯಿ 225 ಲೀಟರಿನದು. ಅಷ್ಟನ್ನೂ ಪೀಪಾಯಿಗಳಲ್ಲಿ ಇಡಬೇಕಾದರೆ ಎಂಬತ್ತೊಂಬತ್ತು ಪೀಪಾಯಿ ಬೇಕು. ಹೊಸದೊಂದಕ್ಕೆ ಏಳು ನೂರು ಯೂರೊ ಎಂದು ಕಡಿಮೆ ಹಿಡಿದರೂ ಅರವತ್ತು ಸಾವಿರ ಯೂರೊ ದಾಟುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸಾಧಾರಣ ಬೋರ್ಡೊ ಕೆಂಪು ವೈನಿನ ತೋಟದ ನೆಲ ಹೆಕ್ಟೇರಿಗೆ 10,000 ಯೂರೊಗಿಂತ ಕೆಳಗೆ ಇಳಿದಿತ್ತು. ಅಂದರೆ ನಾಲ್ಕು ಹೆಕ್ಟೇರ್ ನೆಲಕ್ಕಿಂತ ಪೀಪಾಯಿಗಳೇ ದುಬಾರಿ! ಅದೇ ಸೀಮೆಯಲ್ಲಿ, ಒಂದು ಗಂಟೆಯ ಪಯಣದ ದೂರದಲ್ಲಿ, ಪೊಯ್ಯಾಕ್ ಗ್ರಾಮದ ಹೆಸರಾಂತ ನೆಲ ಹೆಕ್ಟೇರಿಗೆ ಇಪ್ಪತ್ತು ಲಕ್ಷ ಯೂರೊ ಮೀರಿ ಬೆಲೆಬಾಳುತ್ತದೆ. ಅಗ್ಗದ ನೆಲ ಏಕೆ ಅಗ್ಗವೆಂದು ಕೇಳದೆ ಕೊಂಡವನು ತಾನು ತೋಟವನ್ನು ಅಗ್ಗವಾಗಿ ಕೊಂಡೆನೆಂದು ಹಿಗ್ಗುತ್ತಾನೆ. ಅವನು ಕೊಂಡದ್ದು ವರ್ಷಕ್ಕೆ ಇಪ್ಪತ್ತಾರು ಸಾವಿರ ಸೀಸೆಗಳನ್ನು ಯಾರಿಗೆ ಮಾರುವುದು ಎಂಬ ಪ್ರಶ್ನೆಯನ್ನು.

ಕಾಲದ ಲೆಕ್ಕ ಇನ್ನೂ ಕಠಿಣ. ಹೊಸದಾಗಿ ನೆಟ್ಟ ಬಳ್ಳಿಯಿಂದ ವೈನಿಗೆ ಬೆಳೆ ತೆಗೆಯಲು ಮೂರು ವರ್ಷ ಬೇಕು. ಒಳ್ಳೆಯ ಕೆಂಪು ವೈನ್ ಪೀಪಾಯಿಯಲ್ಲಿ ಒಂದು ವರ್ಷಕ್ಕೂ ಮಿಗಿಲು ಮಲಗುತ್ತದೆ, ಸೀಸೆಯಲ್ಲಿ ಇನ್ನಷ್ಟು ಕಾಲ. ಇಂದು ನೆಟ್ಟವನ ಕೈಗೆ ಮೊದಲ ಹಣ ಬರುವುದು ಐದಾರು ವರ್ಷಗಳ ಮೇಲೆ. ಅಷ್ಟರಲ್ಲಿ ಒಂದು ಏಪ್ರಿಲ್ ರಾತ್ರಿಯ ಹಿಮ ಸಾಕು, ಆ ವರ್ಷದ ಬೆಳೆ ನೆಲ ಕಚ್ಚುತ್ತದೆ. 1991ರಲ್ಲಿ, 2017ರಲ್ಲಿ, 2021ರಲ್ಲಿ ಹೀಗಾಯಿತು.

ಇಷ್ಟು ಕಾಯುವ ಶಕ್ತಿ ದೊಡ್ಡ ಬಂಡವಾಳಕ್ಕೆ ಉಂಟೆಂದು ಹೇಳಬಹುದು. ಅದು ಸರಿಯೇ. 1935ರಲ್ಲಿ, ವೈನಿಗೆ ಗಿರಾಕಿಗಳೇ ಇಲ್ಲದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಮೆರಿಕದ ಕ್ಲಾರೆನ್ಸ್ ಡಿಲ್ಲನ್ ಎಂಬ ಧನಿಕ ಮೊದಲ ದರ್ಜೆಯ ಓಬ್ರಿಯೋಂ ತೋಟವನ್ನು ಕೊಂಡ. ಅದು ಈಗಲೂ ಅವನ ವಂಶದವರದೇ, ನಾಲ್ಕನೆಯ ತಲೆಮಾರಿನ ಆಡಳಿತದಲ್ಲಿದೆ. 1983ರಲ್ಲಿ ಜಪಾನಿನ ಸಂಟೋರಿ ಸಂಸ್ಥೆ ಸಾಂ ಜುಲಿಯಾಂನ ಲಾಗ್ರಾಂಜ್ ತೋಟ ಕೊಂಡಿತು. ಆಗ ಅದು ಬಹುಕಾಲ ಆರೈಕೆ ಕಾಣದೆ ಸೊರಗಿತ್ತು. ಸಂಸ್ಥೆ ಹೆಸರು ಬದಲಿಸಲಿಲ್ಲ, ತನ್ನ ನಾಡಿನ ಪದ್ಧತಿಯನ್ನು ಹೇರಲಿಲ್ಲ. ಬೋರ್ಡೊದ ವಿದ್ವಾಂಸ ಎಮಿಲ್ ಪೆನೊರ ಸಲಹೆ ಪಡೆದು, ಸ್ಥಳೀಯ ವ್ಯವಸ್ಥಾಪಕನ ಕೈಗೆ ಆಡಳಿತ ಒಪ್ಪಿಸಿ, ಹೊಸ ಬಳ್ಳಿ ನೆಟ್ಟು ಕಾಯಿತು. ಮೊದಮೊದಲು ಜಪಾನೀಯರ ಬಗ್ಗೆ ಹುಬ್ಬೇರಿಸಿದವರು ಕಾಲ ಕಳೆದಂತೆ ವೈನನ್ನು ಹೊಗಳಿದರು.

ಸಣ್ಣವರ ಕಥೆಯೇನು? 1989ರಲ್ಲಿ ಪೀಟರ್ ಮೇಲ್ ಬರೆದ 'ಎ ಇಯರ್ ಇನ್ ಪ್ರಾವೆನ್ಸ್' ಎಂಬ ಪುಸ್ತಕ ಮಳೆಯ ಲಂಡನ್ನಿನಲ್ಲಿ ಕುಳಿತ ಎಷ್ಟೋ ಮಂದಿಗೆ ಫ್ರಾನ್ಸಿನ ಬಿಸಿಲಿನ ಕನಸು ಹತ್ತಿಸಿತು. ಪೆಟ್ರಿಷಿಯಾ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಮಹಿಳೆ 1990ರಲ್ಲಿ ಪತಿಯೊಡನೆ ಬೋರ್ಡೊದ ಪೂರ್ವಕ್ಕೆ, ಬೆರ್ಜರಾಕ್ ಪಟ್ಟಣದ ಬಳಿಯ ಗಜಾಕ್ ಎಂಬ ಹಳ್ಳಿಗೆ ಬಂದರು. ಹಳೆಯ ಮನೆ, ಜೊತೆಗೆ ಸುಮಾರು ನಾಲ್ಕು ಹೆಕ್ಟೇರ್ ದ್ರಾಕ್ಷಿ. ಆಕೆಗೆ ಫ್ರೆಂಚ್ ಭಾಷೆ ಬಾರದು, ಬೇಸಾಯವೂ ತಿಳಿಯದು. ಮೊದಲ ಕೆಂಪು ವೈನ್ ಹುಳಿತು ವಿನೆಗರ್ ಆಯಿತು. ಪತಿ ಕಾಯಿಲೆ ಬಿದ್ದು ಇಂಗ್ಲೆಂಡಿಗೆ ಮರಳಿದರು. ಸಾಲ, ತೋಟ ಮತ್ತು ಒಂಟಿತನ ಆಕೆಯ ಪಾಲಿಗೆ ಉಳಿದವು.

ಆಕೆ ಮಾರಿ ಹೋಗಬಹುದಿತ್ತು. ಹೋಗಲಿಲ್ಲ. ನೆರೆಯ ರೈತರು ಬಂದರು. ಸವರುವುದನ್ನು ತೋರಿಸಿದರು, ಟ್ರ್ಯಾಕ್ಟರ್ ನಡೆಸುವುದನ್ನು ಕಲಿಸಿದರು, ಕೊಯ್ಲಿಗೆ ಕೈಗೂಡಿಸಿದರು. ಆಕೆ ತಾನೇ ಸಾಲುಗಳ ನಡುವೆ ದುಡಿದಳು, ತಾನೇ ವೈನ್ ತಯಾರಿಸಿದಳು. ಮುಂದೆ ಆಕೆಯ ಸಿಹಿ ವೈನಿಗೆ ಹೆಸರು ಬಂತು, ತೋಟ ಹಲವು ಪಟ್ಟು ಬೆಳೆಯಿತು. 2003ರಲ್ಲಿ 'ದ ರೈಪನಿಂಗ್ ಸನ್' ಎಂಬ ಪುಸ್ತಕದಲ್ಲಿ ಆಕೆಯೇ ಈ ಅನುಭವವನ್ನು ಹೇಳಿಕೊಂಡಿದ್ದಾರೆ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಕನ್ನಡದ ಗಾದೆಯನ್ನು ಆಕೆ ಕೇಳಿರಲಾರಳು. ಆದರೂ ಹತ್ತಿರ ಹತ್ತಿರ ಅದೇ ಮಾತನ್ನು ಆಕೆಯ ಬದುಕು ಹೇಳುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು. ತಾನು ಮಾಡುವುದನ್ನು ಕಲಿಸಲು ನೆರೆಯವರು ಬೇಕಾಯಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಬೋರ್ಡೊಗೆ ಬಂದ ಅಲೆ ಇದಕ್ಕಿಂತ ಬೇರೆ ಬಗೆಯದು. 2008ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್ ವೈನಿನ ಮೇಲಿನ ಸುಂಕವನ್ನು ತೆಗೆದುಹಾಕಿತು. ಚೀನಾದ ಹೊಸ ಶ್ರೀಮಂತರಿಗೆ ಬೋರ್ಡೊ ವೈನ್ ಪ್ರತಿಷ್ಠೆಯ ಕೊಡುಗೆಯಾಯಿತು. ಅದೇ ವರ್ಷ ಚೀನಾದ ಹಣ ಮೊದಲ ಶಾತೊ ಕೊಂಡಿತು. ಮುಂದಿನ ಹತ್ತು ವರ್ಷಗಳಲ್ಲಿ ಬೋರ್ಡೊದ ಆರು ಸಾವಿರದಷ್ಟು ತೋಟಗಳ ಪೈಕಿ ನೂರಕ್ಕೂ ಹೆಚ್ಚು ಚೀನೀಯರ ಕೈ ಸೇರಿದವು. ಸಂಖ್ಯೆ ದೊಡ್ಡದಲ್ಲ, ಗದ್ದಲ ದೊಡ್ಡದಾಯಿತು. 2017ರಲ್ಲಿ ಒಬ್ಬ ಒಡೆಯ ತಾನು ಕೊಂಡ ಶಾತೊಗಳ ಹಳೆಯ ಹೆಸರುಗಳನ್ನು ಅಳಿಸಿ, 'ಚಕ್ರವರ್ತಿ ಮೊಲ', 'ಚಿನ್ನದ ಮೊಲ', 'ಟಿಬೆಟ್ ಜಿಂಕೆ' ಎಂಬ ಅರ್ಥದ ಹೊಸ ಹೆಸರುಗಳನ್ನಿಟ್ಟ. ತಮ್ಮ ಮಾರುಕಟ್ಟೆಯ ಗಿರಾಕಿಗೆ ಹಿಡಿಸುವ ಹೆಸರಿಡುವ ಹಕ್ಕು ಕೊಂಡವನಿಗೆ ಇಲ್ಲವೆ ಎಂದು ಕೆಲವರು ಕೇಳಿದರು. ಹಕ್ಕು ಕಾನೂನಿನಲ್ಲಿ ಇತ್ತು. ಆದರೆ ಊರವರಿಗೆ ಅದು ತಾತಂದಿರ ಸಮಾಧಿಯ ಮೇಲಿನ ಹೆಸರನ್ನು ಕೆತ್ತಿ ತೆಗೆದಂತೆ ಕಂಡಿತು.

ಹೀಗೆ ಕೊಂಡವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಮನೆಮಾಡಿ, ಭಾಷೆ ಕಲಿತು, ಹಾಳುಬಿದ್ದ ನೆಲಮಾಳಿಗೆಗಳನ್ನು ಎತ್ತಿ ನಿಲ್ಲಿಸಿದ ಚೀನೀಯರೂ ಅಲ್ಲುಂಟು. ಒಡೆಯನಿಲ್ಲದೆ ಬೀಳು ಬೀಳಬೇಕಿದ್ದ ಎಷ್ಟೋ ತೋಟಗಳಿಗೆ ಆ ಹಣ ಜೀವ ಕೊಟ್ಟಿತು. ಮಾರಿದವರು ಫ್ರೆಂಚರೇ ಎಂಬುದನ್ನೂ ಮರೆಯಬಾರದು. ತಂದೆ ಸತ್ತರೆ ಆಸ್ತಿಯ ದೊಡ್ಡ ಭಾಗ ಕಡ್ಡಾಯವಾಗಿ ಮಕ್ಕಳೆಲ್ಲರಿಗೂ ಹಂಚಿಹೋಗಬೇಕೆಂಬ ಅಲ್ಲಿಯ ಕಾನೂನು, ಮೇಲಿಂದ ವಾರಸಿಕೆಯ ತೆರಿಗೆ, ನಗರ ಸೇರಿದ ಮಕ್ಕಳು — ಇವೆಲ್ಲ ಸೇರಿ ಹಳೆಯ ಮನೆತನಗಳು ತಾವಾಗಿಯೇ ಮಾರಾಟಕ್ಕಿಟ್ಟಿದ್ದವು. ಕೊಳ್ಳುವವನನ್ನು ಬೈಯುವುದು ಸುಲಭ. ಮಾರಬೇಕಾಗಿ ಬಂದ ಕಾರಣವನ್ನು ನೋಡುವುದು ಕಷ್ಟ.

ಆದರೆ ಹಲವರು ಒಮ್ಮೆಯೂ ಸರಿಯಾಗಿ ವಾಸಿಸದ ಮನೆಯನ್ನು, ತಾವು ಕಾಣದ ಬಳ್ಳಿಯನ್ನು ಕೊಂಡಿದ್ದರು. ಚೀನಾದಲ್ಲಿ 2012ರ ಕೊನೆಗೆ ಅಧಿಕಾರಿಗಳ ದುಂದುವೆಚ್ಚ, ಕಾಣಿಕೆಗಳ ಮೇಲೆ ಕಡಿವಾಣ ಬಿತ್ತು. 2014ರಲ್ಲಿ ಅಲ್ಲಿಯ ಲೆಕ್ಕಪರಿಶೋಧಕರು, ಬೇರೆ ಉದ್ದೇಶದ ಸರ್ಕಾರಿ ಹಣ ಬೋರ್ಡೊ ತೋಟಗಳಿಗೆ ಹರಿದಿದೆ ಎಂದು ಆಕ್ಷೇಪಿಸಿದರು. 2016ರ ನಂತರ ದೇಶದಿಂದ ಹಣ ಹೊರಗೆ ಸಾಗಿಸುವುದು ಕಷ್ಟವಾಯಿತು. ತೋಟಗಳು ಒಂದೊಂದಾಗಿ ಮತ್ತೆ ಮಾರಾಟಕ್ಕೆ ಬಂದವು, ಕೊಂಡ ಬೆಲೆಗೆ ಕೇಳುವವರಿಲ್ಲದೆ.

ಇದೇ ವೇಳೆ ಬೋರ್ಡೊದ ನೆಲಗಟ್ಟೇ ಅಲುಗುತ್ತಿತ್ತು. 1960ರ ಸುಮಾರಿಗೆ ಒಬ್ಬ ಫ್ರೆಂಚ್ ಪ್ರಜೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ವೈನ್ ಕುಡಿಯುತ್ತಿದ್ದ. ಅದು ಕ್ರಮೇಣ ನಲವತ್ತರ ಆಸುಪಾಸಿಗೆ ಇಳಿಯಿತು. ಪೀಪಾಯಿ ಲೆಕ್ಕದಲ್ಲಿ ಮಾರುವ ಸಾಧಾರಣ ಬೋರ್ಡೊ ವೈನಿನ ಬೆಲೆ ಅದನ್ನು ತಯಾರಿಸುವ ಖರ್ಚಿಗಿಂತ ಕೆಳಗೆ ಹೋಯಿತು. ತಲೆಮಾರುಗಳಿಂದ ಅಲ್ಲೇ ದುಡಿದ ಫ್ರೆಂಚ್ ರೈತರೂ ಮುಳುಗಿದರು. 2023ರಲ್ಲಿ ಸರ್ಕಾರ, ಪ್ರಾಂತ ಮತ್ತು ವೈನ್ ಮಂಡಳಿ ಸೇರಿ ಬಳ್ಳಿ ಕಿತ್ತವರಿಗೆ ಹೆಕ್ಟೇರಿಗೆ 6,000 ಯೂರೊ ಕೊಡುವ ಯೋಜನೆ ತಂದವು. ಗುರಿ 9,500 ಹೆಕ್ಟೇರ್. ನೆಡಲು ಸಹಾಯಧನ ಕೊಡುವುದನ್ನು ಕೇಳಿದ್ದೇವೆ, ಕೀಳಲು ಸಹಾಯಧನ!

ಆ ಯೋಜನೆಗೆ ಸರ್ಕಾರ ಕೊಟ್ಟ ಕಾರಣ ಕೇಳಬೇಕಾದದ್ದು. ಬೆಲೆ ಬಿದ್ದದ್ದು ಒಂದಾದರೆ, ರೋಗ ಇನ್ನೊಂದು. ಬೋರ್ಡೊ ತೋಟಗಳಲ್ಲಿ ಎಲೆ ಹಳದಿಗಟ್ಟಿ ಬಳ್ಳಿ ಸಾಯುವ ಒಂದು ರೋಗವುಂಟು. ಅದನ್ನು ಹರಡುವುದು ಒಂದು ಪುಟ್ಟ ಜಿಗಿಹುಳು. ಔಷಧಿ ಹೊಡೆದು, ರೋಗ ತಗುಲಿದ ಬಳ್ಳಿಯನ್ನು ಕಿತ್ತು ಸುಡದಿದ್ದರೆ ಅದು ಬೇಲಿ ದಾಟುತ್ತದೆ. ಒಡೆಯ ಕೈಬಿಟ್ಟುಹೋದ ತೋಟವೆಂದರೆ ಆ ಹುಳುವಿನ ತವರು. ಪರದೇಶದಲ್ಲಿ ಕುಳಿತ ಒಡೆಯನಾಗಲಿ, ಸಾಲದಲ್ಲಿ ಸೋತ ಊರಿನವನಾಗಲಿ, ಬಿಟ್ಟುಹೋದ ಸಾಲುಗಳು ಪಕ್ಕದವನ ಬೆಳೆಯನ್ನು ತಿನ್ನುತ್ತವೆ. ಬ್ಯಾಂಕಿನ ಠೇವಣಿಯನ್ನು ಮರೆತರೆ ಯಾರಿಗೂ ನಷ್ಟವಿಲ್ಲ. ನಗರದಲ್ಲಿ ಬೀಗ ಹಾಕಿದ ಮನೆಯಿಂದ ನೆರೆಯವನಿಗೆ ಹೆಚ್ಚಿನ ತೊಂದರೆಯಿಲ್ಲ. ಆದರೆ ದ್ರಾಕ್ಷಿತೋಟವನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ. ಅದನ್ನು ಕೊಂಡವನು ನೆಲದ ಜೊತೆಗೆ ನೆರೆಯವನ ಪಾಲಿನ ಒಂದು ಹೊಣೆಯನ್ನೂ ಕೊಂಡಿರುತ್ತಾನೆ. ಕ್ರಯಪತ್ರದಲ್ಲಿ ಅದನ್ನು ಬರೆದಿರುವುದಿಲ್ಲ.

ಬಾರ್ಟನ್ನರು ಉಳಿದದ್ದರ, ಅಟ್ಕಿನ್ಸನ್ ನಿಂತದ್ದರ ಕಾರಣ ಇಲ್ಲಿಗೆ ಬಂದು ಕೂಡುತ್ತದೆ. ಅವರಿಗೆ ಮನೆಯೂ ದಂಧೆಯೂ ಒಂದೇ ಆಗಿತ್ತು. ಬೆಲೆ ಬಿದ್ದ ವರ್ಷವೂ ಅಲ್ಲೇ ಇರಬೇಕಿತ್ತು, ಬೆಳೆ ಕೆಟ್ಟ ವರ್ಷವೂ ಅಲ್ಲೇ ಉಣ್ಣಬೇಕಿತ್ತು. ಬರೀ ಮನೆಯೆಂದು ಕೊಂಡವನಿಗೆ ತೋಟ ಒಂದು ನೋಟ. ಸವರುವವರಿಲ್ಲದಿದ್ದರೆ ಎರಡೇ ವರ್ಷದಲ್ಲಿ ಆ ನೋಟ ಪೊದೆಯಾಗುತ್ತದೆ. ಬರೀ ವ್ಯಾಪಾರವೆಂದು ಕೊಂಡವನಿಗೆ ಅದು ಒಂದು ಲೇಬಲ್ಲು. ಮಾರುಕಟ್ಟೆ ತಿರುಗಿದ ದಿನ ಅವನೂ ತಿರುಗಿ ಹೋಗುತ್ತಾನೆ. ಸಂಟೋರಿಯಂಥ ಸಂಸ್ಥೆ ಮನೆಮಾಡಲಿಲ್ಲ, ನಿಜ. ಆದರೆ ಮನೆಯವನಂತೆ ಕಾಯುವ ತಾಳ್ಮೆಯನ್ನು ತೋರಿತು.

ಕನ್ನಡಿಗರಿಗೆ ಈ ವಿಷಯ ಬರೀ ದೂರದ ಕುತೂಹಲವಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಗಳನ್ನು ನೆಟ್ಟು ವೈನ್ ತೆಗೆಯತೊಡಗಿದಾಗ, 1990ರ ದಶಕದಲ್ಲಿ, ಸಲಹೆ ನೀಡಿದವರು ಬೋರ್ಡೊದ ಹೆಸರಾಂತ ತಜ್ಞ ಮಿಷೆಲ್ ರೋಲಾನ್. ಅಲ್ಲಿಯ ವಿದ್ಯೆ ಇಲ್ಲಿಗೆ ಬಂತು. ಇಲ್ಲಿಯವರು ಅಲ್ಲಿಗೆ ಹೋಗಲೂ ದಾರಿಯಿದೆ. ಭಾರತದಲ್ಲಿ ನೆಲೆಸಿದ ಒಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ಅದರಿಂದ ಆಸ್ತಿ ಕೊಳ್ಳಲೂಬಹುದು. ಹೊರದೇಶದಲ್ಲಿ ನೆಲೆಸಿ ಚೆನ್ನಾಗಿ ಗಳಿಸಿದವರಿಗಂತೂ ಸಾಧಾರಣ ಬೋರ್ಡೊ ತೋಟದ ಬೆಲೆ ಬೆಂಗಳೂರಿನ ಒಂದು ನಿವೇಶನದ ಮುಂದೆ ಏನೂ ಅಲ್ಲ. ಇಲ್ಲೊಂದು ವಿಚಿತ್ರವುಂಟು. ಹೊರದೇಶದಲ್ಲಿ ನೆಲೆಸಿದ ಭಾರತೀಯ ಫ್ರಾನ್ಸಿನಲ್ಲಿ ದ್ರಾಕ್ಷಿತೋಟ ಕೊಳ್ಳಬಹುದು. ಆದರೆ ತನ್ನ ತಾಯ್ನಾಡಿನ ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ಒಂದೆಕರೆ ಕಾಫಿತೋಟವನ್ನು ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ಹಿರಿಯರಿಂದ ವಾರಸಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ವಿದೇಶಿ ವಿನಿಮಯದ ಕಾನೂನು ಹಾಗೆ ಹೇಳುತ್ತದೆ. ಕಾನೂನಿನ ಸರಿತಪ್ಪುಗಳನ್ನು ವಾದಿಸಬಹುದು. ನೆಲದ ಮೇಲೆ ದುಡಿಯುವವನು ನೆಲದ ಬಳಿಯೇ ಇರಬೇಕೆಂಬ ಹಳೆಯ ನಂಬಿಕೆಯೊಂದು ಅದರ ಹಿಂದೆ ಕಾಣುತ್ತದೆ.

ಅಂಥ ಕನಸು ಹೊತ್ತವರಾರಾದರೂ ಇದ್ದರೆ ಅವರು ತಜ್ಞರನ್ನು ಕೇಳುವ ಮೊದಲು ತಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಜನವರಿಯ ಚಳಿಯಲ್ಲಿ ಬಳ್ಳಿ ಸವರುವವರು ಯಾರು? ಆರನೆಯ ವರ್ಷದವರೆಗೆ ಸಂಸಾರ ಸಾಗುವುದು ಯಾವ ಹಣದಿಂದ? ಹಿಮ ಬಿದ್ದ ರಾತ್ರಿ ಬಾಗಿಲು ತಟ್ಟಿದರೆ ತೆರೆಯುವ ನೆರೆಯವನ ಹೆಸರೇನು? ಮೊದಲ ಎರಡಕ್ಕೆ ಹಣವಿದ್ದರೆ ಉತ್ತರ ಸಿಕ್ಕೀತು. ಮೂರನೆಯದಕ್ಕೆ ವರ್ಷಗಳು ಬೇಕು.

ಥಾಮಸ್ ಬಾರ್ಟನ್ ಬೋರ್ಡೊಗೆ ಬಂದ ದಿನದಿಂದ ಅವನ ಮೊಮ್ಮಗ ಲಾಂಗೊವಾದ ಕ್ರಯಪತ್ರಕ್ಕೆ ಸಹಿ ಹಾಕುವವರೆಗೆ ತೊಂಬತ್ತೊಂಬತ್ತು ವರ್ಷ ಕಳೆದಿದ್ದವು. ಅಷ್ಟು ಕಾಲ ಆ ಮನೆತನ ಊರಿನೊಡನೆ ಬಾಳಿ, ಆಮೇಲೆ ನೆಲ ಕೊಂಡಿತು. ಇಂದು ಕ್ರಮ ತಿರುವುಮುರುವಾಗಿದೆ. ನೆಲವನ್ನು ಒಂದೇ ತಿಂಗಳ ಮಾತುಕತೆಯಲ್ಲಿ ಗೊತ್ತುಮಾಡಿಕೊಳ್ಳಬಹುದು, ಊರನ್ನು ಆಮೇಲೆ ಗಳಿಸಿಕೊಳ್ಳಬೇಕು. ಗಳಿಸಿಕೊಂಡವರು ಇದ್ದಾರೆ. ಗಳಿಸದೆ ಉಳಿದವರಿಲ್ಲ.